ಕಾಪಿಟ್ಟ ಕೆಂಡ

ಬಚ್ಚಲೊಲೆಯ ಹೊಗೆಕೊಳವೆಯನ್ನು, ಮಸಿ ತೆಗೆಯಲು ಬಂದಿದ್ದ ತಿಮ್ಮಾಚಾರಿ ಬೆರಳಿನಿಂದ ತಟ್ಟಿದ. ಠಣ್ಣೆನ್ನಬೇಕಾದ ತಗಡು ಕುಂಬಳಕಾಯಿಯಂತೆ ಸದ್ದು ಮಾಡಿತು. ಹಸಿಸೌದೆಯ ಹೊಗೆ ಒಳಗೆಲ್ಲ ಡಾಂಬರಿನ ಹಾಗೆ ಮೆತ್ತಿಕೊಂಡಿತ್ತು.

"ಇದಕ್ಕೆ ಒಂದು ಕಿಡಿ ಹತ್ತಿದ್ರೆ ಸೂರೇ ಉರಿದು ಹೋಯ್ತದೆ, ಕೆಂಚಮ್ಮಾರೆ. ಮೊದ್ಲು ಒಲೆ ಆರಿಸಿ."

"ಬಾಣಂತಿ ಮನೇಲಿ ಬೆಂಕಿ ಆರಿಸ್ತಾರೇನೋ ಆಚಾರಿ? ಹನ್ನೊಂದು ದಿನ ತುಂಬೋಗಂಟ ಆರಬಾರ್ದು."

"ಮತ್ತೆ ಉರಿಯೋ ಒಲೆ ಮೇಲೆ ನಾನು ಹತ್ತಲಾ? ನನ್ ತಿಥಿ ವಡೆ ತಿನ್ನೋ ಆಸೆಯಾ?"

ಕೆಂಚಮ್ಮ ನಕ್ಕಳು. ಒಲೆಯ ಕೆಂಡವನ್ನೆಲ್ಲ ಅಗ್ಗಿಷ್ಟಿಕೆಗೆ ತೋಡಿ, ಮೇಲೆ ನಾಲ್ಕು ಬೊಗಸೆ ಇದ್ದಿಲು ಸುರಿದು, ಮಗಳೂ ಹಸುಗೂಸೂ ಮಲಗಿದ್ದ ಕೋಣೆಯೊಳಗೆ ಇಟ್ಟಳು. ಥಂಡಿಗಾಳಿ ನುಗ್ಗದಂತೆ ಕಿಟಕಿಗೆ ಗೋಣಿ ತುರುಕಿ, ಬಾಗಿಲೆಳೆದುಕೊಂಡು ಹೊರಬಂದಳು.

"ಬೆಂಕೀನೂ ಉಳೀತು, ಅವರಿಗೂ ಬೆಚ್ಚಗಾಯ್ತು. ಹತ್ತು ಇನ್ನು."

ತಿಮ್ಮಾಚಾರಿ ಸೂರು ಹತ್ತಿದ. ಹಗ್ಗಕ್ಕೆ ಮುಳ್ಳಿನ ಕಂತೆ ಕಟ್ಟಿ ಕೊಳವೆಯೊಳಗೆ ಮೇಲೆ ಕೆಳಗೆ ಎಳೆದಾಡಿದ. ಮಸಿಯ ಕರಿ ಹೆಕ್ಕಳಿಕೆಗಳು ಉದುರುತ್ತಲೇ ಇದ್ದವು. ಕೆಳಗೆ ಕೋಣೆಯಲ್ಲಿ ಮಗು ಒಂದೇ ಸಮನೆ ಅಳುತ್ತಿತ್ತು. ಹೊತ್ತು ನೆತ್ತಿಗೆ ಬರುವ ಹೊತ್ತಿಗೆ ಅಳು ನಿಂತಿತು.

"ಅಂತೂ ನಿದ್ದೆ ಹತ್ತಿತು ನೋಡಿ ನಿಮ್ ಮೊಮ್ಮಗಂಗೆ!" ಎಂದು ಮೇಲಿಂದಲೇ ಕೂಗಿದ.

"ಮೆಲ್ಲಗೆ ಮಾತಾಡೋ, ಎದ್ದುಬಿಟ್ಟಾನು."

ಇಳಿದು ಬಂದು ಮತ್ತೆ ತಟ್ಟಿದ. ಕೊಳವೆ ಗಂಟೆಯಂತೆ ಠಣ್ಣೆಂದಿತು.

"ಇನ್ನು ನಿಮ್ಮನೆಗೆ ಭಯ ಇಲ್ಲ. ಆ ಕೆಂಡ ತನ್ನಿ, ಒಲೆ ಹಚ್ಚೋಣ."

ಕೆಂಚಮ್ಮ ಬಾಗಿಲು ತೆರೆದಾಗ ಉಸಿರುಗಟ್ಟಿಸುವ ಬಿಸಿಗಾಳಿ ಮುಖಕ್ಕೆ ಬಡಿಯಿತು. ಮಗಳನ್ನು ಕೂಗಿದಳು. ಮತ್ತೊಮ್ಮೆ ಕೂಗಿದಳು. ಹತ್ತಿರ ಹೋಗಿ ಭುಜ ಹಿಡಿದು ಅಲುಗಿಸಿದಳು.

ಆ ಕೋಣೆಯಲ್ಲಿ ಕೆಂಡವೊಂದೇ ಎಚ್ಚರವಾಗಿತ್ತು.