ಹನ್ನೊಂದು ಗಂಟೆಯ ಸೇತುವೆ

ಎಂಟರ್ ಒತ್ತಿದ ಮರುಕ್ಷಣವೇ ಪರದೆ ಕಲ್ಲಾಯಿತು. ಟೈಪಮ್ಮ ಇನ್ನೊಂದು ಸಲ ಒತ್ತಿದಳು, ಮತ್ತೊಂದು ಸಲ ಒತ್ತಿದಳು. ಏನೂ ಅಲುಗಲಿಲ್ಲ. ಗೋಡೆಯ ಗಡಿಯಾರದಲ್ಲಿ ಹತ್ತು ಗಂಟೆ ನಲವತ್ತೊಂದು ನಿಮಿಷ.

"ಆಯ್ತೇನ್ರೀ?" ಗ್ರಂಥಪಾಲಕಿ ಬಾಗಿಲಲ್ಲಿ ಇಣುಕಿದಳು. ತಲೆಯ ಮೇಲೆ ಕರಡಿಯ ಕಿವಿ, ಮೂಗಿನ ತುದಿಗೆ ಕಪ್ಪು ಬಣ್ಣ. ಹನ್ನೊಂದಕ್ಕೆ ಅವಳು ಇಲ್ಲಿಂದಲೇ, ಪರದೆಯ ಮೂಲಕ, ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಕಥೆ ಹೇಳಬೇಕಿತ್ತು. "ಪಾಪ, ಮಕ್ಕಳು ಬೆಳಗ್ಗೆ ಎಂಟು ಗಂಟೆಯಿಂದ ಕಾಯ್ತಿದಾವಂತೆ."

"ಇನ್ನೇನು, ಆಗೇ ಹೋಯ್ತು," ಅಂದಳು ಟೈಪಮ್ಮ.

ನೆಲಮಾಳಿಗೆಯಲ್ಲಿದ್ದ ದೊಡ್ಡ ಕಂಪ್ಯೂಟರಿನ ಹೊಟ್ಟೆಯೊಳಗೆ, ಬರೀ ಸಾಫ್ಟ್‌ವೇರಿನಿಂದ ಕಟ್ಟಿದ, ಒಂದು ತೋರಿಕೆಯ ಕಂಪ್ಯೂಟರ್. ಕಥೆಯ ಏರ್ಪಾಡೆಲ್ಲ ಅದರಲ್ಲಿ. ಅದಕ್ಕೆ ಹೊರಗಿನ ಇಂಟರ್ನೆಟ್ಟಿಗೆ ಬರಲು ಸ್ವಂತ ದಾರಿಯಿರಲಿಲ್ಲ. ನಾಲ್ಕು ಆಜ್ಞೆ ಟೈಪು ಮಾಡಿ ಒಳಗೇ ಒಂದು ಸೇತುವೆ ಕಟ್ಟಬೇಕು, ಹೊರಗಿನ ತಂತಿಯನ್ನು ಅದಕ್ಕೆ ಜೋಡಿಸಬೇಕು, ತಂತಿಗಿದ್ದ ಇಂಟರ್ನೆಟ್ ವಿಳಾಸವನ್ನು ಬಿಡಿಸಿ ಸೇತುವೆಗೆ ಕೊಡಬೇಕು. "ಎಲ್ಲಾ ಒಂದೇ ಸಾಲಲ್ಲಿ ಬರೀರಿ, ಒಂದೇ ಉಸಿರಲ್ಲಿ ಆಗ್ಬೇಕು," ಎಂದು ಹಿರಿಯ ಎಂಜಿನಿಯರ್ ಒತ್ತಿ ಹೇಳಿದ್ದರು. ಆದರೆ ಇಪ್ಪತ್ತಾರು ವರ್ಷ ಇದೇ ಗ್ರಂಥಾಲಯದಲ್ಲಿ ಟೈಪಿಸ್ಟ್ ಆಗಿದ್ದವಳ ಬೆರಳು ಕೇಳಬೇಕಲ್ಲ! ಒಂದು ಸಾಲು ಮುಗಿಸು, ಕಣ್ಣಾಡಿಸು, ಆಮೇಲೆ ಮುಂದಿನದು. ತಂತಿ ಸೇತುವೆಗೆ ಸೇರಿತು, ವಿಳಾಸ ಹಿಂದೆಯೇ ಉಳಿಯಿತು, ಸಂಪರ್ಕ ಕಡಿಯಿತು. ಎರಡನೇ ಮಹಡಿಯಲ್ಲಿ ಕೂತು ಅವಳು ನೆಲಮಾಳಿಗೆಯ ಕಂಪ್ಯೂಟರಿನೊಡನೆ ಮಾತಾಡುತ್ತಿದ್ದುದು ಅದೇ ತಂತಿಯ ಮೂಲಕ. ಏಣಿಯ ಮೇಲೆ ನಿಂತು ಏಣಿಯನ್ನೇ ಒದ್ದ ಹಾಗಾಗಿತ್ತು.

ನೆಲಮಾಳಿಗೆಯ ಬೀಗದ ಕೈ ಹಿರಿಯ ಎಂಜಿನಿಯರರ ಜೇಬಿನಲ್ಲಿತ್ತು. ಹಿರಿಯರು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿದ್ದರು. ಟೈಪಮ್ಮ ಫೋನು ಮಾಡಿದಳು.

"ಸರ್, ಎಲ್ಲಾ ಹೋಯ್ತು! ವಿಳಾಸ ಕೊಡೋ ಮೊದಲೇ ಎಂಟರ್ ಒತ್ಬಿಟ್ಟೆ!"

"ಊಂ... ಊಂಊಂ." ಆಮೇಲೆ ಒಂದು ಹೆಣ್ಣು ದನಿ ಬಂತು: "ನಾನು ನರ್ಸು. ಅವರ ಬಾಯಿ ತುಂಬ ಹತ್ತಿ ಇಟ್ಟಿದೀವಮ್ಮ. ತಾಳಿ, ಏನೋ ಬರೀತಿದಾರೆ... 'ಏನೂ ಮುಟ್ಟಬೇಡಿ. ನೀರು ಕುಡೀರಿ. ಹತ್ತು ಐವತ್ತಕ್ಕೆ ನೋಡಿ.' ಅಯ್ಯೋ, ನಗ್ತಿದಾರೆ! ಹತ್ತಿ ಬೀಳತ್ತೆ ಸರ್, ಸುಮ್ನಿರಿ!"

ಟೈಪಮ್ಮ ನೀರು ಕುಡಿದು ಕೈಕಟ್ಟಿ ಕೂತಳು. ಹಿರಿಯರಂತೂ, ಇಷ್ಟು ವರ್ಷದ ನೌಕರಿಯಲ್ಲಿ ತಾನು ಒಮ್ಮೆಯೂ ಹೀಗೆ ತಂತಿಯ ಸಂಪರ್ಕ ಕಳೆದುಕೊಂಡವನಲ್ಲ ಎಂದು ದಿನಕ್ಕೊಮ್ಮೆ ಸಾರುವ ಮನುಷ್ಯ. ನಗದೆ ಏನು ಮಾಡುತ್ತಾರೆ! ಐವತ್ತೆರಡನೇ ವಯಸ್ಸಿನಲ್ಲಿ ತನಗೆ ಈ ಹೊಸ ಕಂಪ್ಯೂಟರ್ ಕೆಲಸದ ಉಸಾಬರಿ ಬೇಕಿತ್ತೆ?

ಹತ್ತು ಐವತ್ತು. ಅವಳು ಒತ್ತಿದ್ದ ಎಂಟರುಗಳೆಲ್ಲ ಒಟ್ಟಿಗೇ ದಡದಡ ಪರದೆಯ ಮೇಲೆ ಇಳಿದವು. ತಂತಿಗೆ ಜೀವ ಬಂದಿತ್ತು, ಎಲ್ಲವೂ ಮೊದಲಿನಂತಿತ್ತು. ಈ ಸಲ ನಾಲ್ಕೂ ಆಜ್ಞೆಗಳನ್ನು ಹೂವಿನ ಹಾಗೆ ಒಂದೇ ಸಾಲಿನಲ್ಲಿ ಪೋಣಿಸಿ, ಕಣ್ಣು ಮುಚ್ಚಿ ಒತ್ತಿದಳು. ಪರದೆ ಒಂದು ಗಳಿಗೆ ತಡವರಿಸಿ ಮುಂದೆ ನಡೆಯಿತು. ಹನ್ನೊಂದಕ್ಕೆ ಎರಡು ನಿಮಿಷವಿರುವಾಗಲೇ ಗ್ರಂಥಪಾಲಕಿಯ ಪರದೆಯಲ್ಲಿ ಹದಿನಾಲ್ಕು ಮಕ್ಕಳು ಕಾಣಿಸಿಕೊಂಡರು. "ಕರಡೀ!" ಎಂದು ಒಬ್ಬಳು ಚೀರಿದ್ದೇ ತಡ, ಇಡೀ ವಾರ್ಡು ಊರುಗೋಲು ಬಡಿಯಿತು.

ಬಿದ್ದ ಏಣಿಯನ್ನು ಎತ್ತಿ ನಿಲ್ಲಿಸಿದವರು ಯಾರು? ಹುಡುಕಿದರೆ, ಕಂಪ್ಯೂಟರಿನ ಮೂಲೆಯಲ್ಲಿ ಒಂದು ಪುಟ್ಟ ಕಡತ. ಹತ್ತು ನಿಮಿಷಕ್ಕೊಮ್ಮೆ ಎದ್ದು, ಹೊರಗಿನ ದಾರಿ ಇದೆಯೇ ಎಂದು ನೋಡುವುದು, ಇಲ್ಲದಿದ್ದರೆ ಎಲ್ಲವನ್ನೂ ಮೊದಲಿನಂತೆ ಮಾಡಿ ಮಲಗುವುದು, ಇಷ್ಟೇ ಅದರ ಕೆಲಸ. ಅದರ ನೆತ್ತಿಯ ಮೇಲೆ ಬೇರೆ ಬೇರೆ ಕಾಲದ ಮೂರು ಸಾಲುಗಳಿದ್ದವು.

"ನಾನು ಬಿದ್ದ ದಿನ ಬರೆದಿಟ್ಟದ್ದು. ಮುಂದೆ ಬರುವವರಿಗೆ."

"ನಾನೂ ಬಿದ್ದೆ. ನಿಮ್ಮ ಹೊಟ್ಟೆ ತಣ್ಣಗಿರಲಿ."

"ನಾನು ಎರಡು ಸಲ. ದಯವಿಟ್ಟು ಯಾರಿಗೂ ಹೇಳಬೇಡಿ."

ಮೂರನೆಯದು ಯಾರದೆಂದು ಕೇಳಬೇಕಾಗಿರಲಿಲ್ಲ. ಟೈಪಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕೆಳಗೆ ಟೈಪು ಮಾಡಿದಳು: "ನಾನು ಒಂದೇ ಸಲ. ಆದರೆ ಹಲ್ಲಿನ ಡಾಕ್ಟರಿಗೂ ಗೊತ್ತು."

ಅಭ್ಯಾಸದಂತೆ ಸಾಲು ಮುಗಿಸಿ, ಕಣ್ಣಾಡಿಸಿ, ಎಂಟರ್ ಒತ್ತಿ, ಮುಂದಿನವರಿಗಾಗಿ ಕೆಳಗೆ ಒಂದು ಸಾಲು ಖಾಲಿ ಬಿಟ್ಟಳು.