ಖಾಲಿ ಡಬ್ಬಿ ತಿರುಗಿಸಬಾರದು

"ಮೇಡಂ, ಪರೀಕ್ಷಾ ಯಾವಾಗ ಅದರಿ? ಇಷ್ಟ ಓದ್ಲತೀರಿ" ಎಂದ ಏಜಾಜ.

ಬೀದರ ಬಸ್‌ಸ್ಟ್ಯಾಂಡಿನ ಅವನ ಅಂಗಡಿಯೆದುರು ಸಪನಾ ಇನ್ನೊಂದು ಪಾಕೀಟನ್ನು ಬೋರಲು ಹಾಕಿದಳು. ಮುಂದೆ 'ಸಕ್ಕರೆ ಸೇರಿಸಿಲ್ಲ' ಎಂದು ನಗುವ ಕರಡಿ, ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಗ್ಲುಕೋಸ್ ಪಾಕ. ಕರಡಿ ಮರಳಿ ಕಪಾಟಿಗೆ ಹೋಯಿತು. ಅತ್ತೆ ಸುಭದ್ರಾಬಾಯಿಯ ಕಂಕುಳಲ್ಲಿದ್ದ ಎರಡು ವರ್ಷದ ಸಮ್ಯಕ ತೋರಣದಂತೆ ತೂಗುತ್ತಿದ್ದ ಚಿಪ್ಸಿನ ಸರಕ್ಕೆ ಕೈ ಚಾಚಿ ಕುಣಿಯುತ್ತಿದ್ದ.

"ನಿನ್ನ ಗಂಡ ಚಹಾದಾಗ ಬಿಸ್ಕೀಟ ಅದ್ದಿ ತಿಂದ ಬೆಳದಾನ. ಅವಗೇನ ಆಗ್ಯಾದ?" ಎಂದಳು ಸುಭದ್ರಾಬಾಯಿ.

"ಅವರ ದವಡಿ ಹಲ್ಲ ಎಲ್ಲ್ಯಾವ ಅಂತ ಕೇಳ್ರಿ, ಅತ್ತಿ."

ಬೆಳಗ್ಗೆಯಷ್ಟೇ ಹಲ್ಲಿನ ಡಾಕ್ಟರು ಸಮ್ಯಕನ ಎರಡು ಹಾಲುಹಲ್ಲಿನ ಕಂದು ಕಲೆ ತೋರಿಸಿ, "ಸಿಹಿ ಯಾರು ಕೊಡ್ತಾರೆ?" ಎಂದು ಕೇಳಿದ್ದರು. ಸಪನಾ ಅತ್ತೆಯನ್ನು ನೋಡಿದ್ದಳು. ಅತ್ತೆ ಫ್ಯಾನನ್ನು ನೋಡಿದ್ದಳು. ಇವತ್ತಿನಿಂದ ಮಗುವಿನ ಬಾಯಿಗೆ ಹೋಗುವುದೆಲ್ಲ ತನ್ನ ಕಣ್ಣಿನ ಕೆಳಗೇ ಹೋಗಬೇಕೆಂದು ಸಪನಾ ಅಲ್ಲೇ ನಿಶ್ಚಯಿಸಿದ್ದಳು. ಕೊನೆಗೆ ಏಜಾಜ ಮೂಲೆಯಿಂದ ಒಂದು ಪಾಕೀಟು ತೆಗೆದು ಧೂಳು ಕೊಡವಿದ. ರಾಗಿ, ಜೋಳ, ಹೆಸರುಬೇಳೆಯ ಕಡ್ಡಿಗಳು, ಮತ್ತೇನೂ ಇಲ್ಲ. ಕೂಸಿನ ಗಂಟಲಲ್ಲಿ ಸಿಕ್ಕದೆ ಕರಗುವಂಥವೆಂದು ಬರೆದಿತ್ತು. "ಒಯ್ರಿ, ಇದನ್ನ ಕೇಳಿದವರು ನೀವೇ ಮೊದಲು" ಎಂದ, ಹೊಗಳಿದನೋ ಆಡಿಕೊಂಡನೋ ತಿಳಿಯದಂತೆ.

ಔರಾದ ಬಸ್ಸಿನಲ್ಲಿ ಸೀಟು ಸಿಕ್ಕಿತು. ಡ್ರೈವರ್ ಚಹಾಕ್ಕೆ ಹೋಗಿದ್ದ. ಸಮ್ಯಕ ಒಂದು ಕಡ್ಡಿ ನೆಕ್ಕಿ, ಮುಖ ಕಿವುಚಿ, ಅದನ್ನು ಅವ್ವನ ಬಾಯಿಗೇ ತುರುಕಿದ. ಗೋಣಿಚೀಲ ಜಗಿದಂತಾಯಿತು. "ಮಸ್ತ ಅದ ನೋಡು" ಎಂದಳು ಸಪನಾ, ನುಂಗಲು ನೀರು ಹುಡುಕುತ್ತ.

"ಮಂದ್ಯಾಗ ಕೂತು ಒಬ್ಬರ ತಿಂದ್ರ ಮೈಗಿ ಹತ್ತಂಗಿಲ್ಲ" ಎಂದು ಸುಭದ್ರಾಬಾಯಿ ಪಾಕೀಟನ್ನು ತನ್ನ ಸ್ಟೀಲಿನ ಡಬ್ಬಿಗೆ ಸುರಿದು ಮೊಮ್ಮಗನ ಕೈಗಿಟ್ಟಳು. ಸಪನಾ ಬೇಡವೆನ್ನುವುದರೊಳಗೆ ಅವನು ಸೀಟುಗಳ ನಡುವೆ ನಡೆದಿದ್ದ. "ತೋ, ತೋ" ಎಂದು ಕಂಡಕಂಡವರಿಗೆ ಡಬ್ಬಿ ಒಡ್ಡಿದ. ಕೂಸು ಕೊಟ್ಟದ್ದನ್ನು ಒಲ್ಲೆನ್ನುವವರು ಯಾರು? ಎಲ್ಲರೂ ಒಂದೊಂದು ಕಡ್ಡಿ ಎತ್ತಿದರು. ಡಬ್ಬಿಯನ್ನು ಖಾಲಿ ತಿರುಗಿಸುವವರಾದರೂ ಯಾರು? ಕಾಲೇಜು ಹುಡುಗಿ ಚಾಕಲೇಟು ಹಾಕಿದಳು. ಭಾಲ್ಕಿಯ ಬೀಗರ ಮನೆಗೆ ಹೋಗಿ ಬರುತ್ತಿದ್ದವರೊಬ್ಬರು ಪೇಢೆ ಹಾಕಿದರು. ಒಬ್ಬಾತ ಕೆಂಪು ಚಿಪ್ಸನ್ನು ಮುಷ್ಟಿಗಟ್ಟಲೆ ಸುರಿದ. ಅಂಗಡಿಯಲ್ಲಿ ಸಪನಾ ಬಿಟ್ಟು ಬಂದದ್ದೆಲ್ಲ ಅವಳ ಹಿಂದೆಯೇ ಬಸ್ ಹತ್ತಿ ಬಂದಿತ್ತು. ಸುಭದ್ರಾಬಾಯಿ ನಗು ತಡೆಯಲು ಸೆರಗು ಕಚ್ಚಿದಳು.

ಎದುರು ಸೀಟಿನಲ್ಲಿ ನತ್ತಿನ ಮುದುಕಿಯೊಬ್ಬಳು ಮುಂದಿದ್ದ ಡಬ್ಬಿಗೆ ಕೈ ಚಾಚುತ್ತ ಸುಭದ್ರಾಬಾಯಿಯನ್ನು ಮಾತಿಗೆಳೆದಳು. "ಭಾರಿ ಶಾಣ್ಯಾ ಇದ್ದಾನ್ರಿ ಹುಡುಗ. ಯಾವೂರ್ರಿ?"

"ಔರಾದ."

"ಔರಾದದಾಗ ಎಲ್ಲಿ?"

"ಬುದ್ಧವಿಹಾರದ ಹಿಂದಿನ ಗಲ್ಲಿರಿ" ಎಂದಳು ಸುಭದ್ರಾಬಾಯಿ. ಸೆರಗು ಬಾಯಿಂದ ಜಾರಿತ್ತು.

ಮುದುಕಿಯ ಕೈ ಡಬ್ಬಿಯ ಮೇಲೆ ಒಂದು ಗಳಿಗೆ ನಿಂತು, ತಿರುಗಿ ತನ್ನ ಚೀಲಕ್ಕೆ ಹೋಯಿತು. ಒಂದು ಕ್ರೀಂ ಬಿಸ್ಕೀಟನ್ನು ಬೆರಳು ತಾಗದಂತೆ ಮೇಲಿನಿಂದ ಡಬ್ಬಿಗೆ ಬಿಟ್ಟಳು. "ನಂದು ಇವತ್ತ ಉಪಾಸ ಅದ, ಕೂಸಾ." ಅವಳ ಗದ್ದದ ಮೇಲೆ ಭಜಿಯ ಎಣ್ಣೆ ಇನ್ನೂ ಮಿನುಗುತ್ತಿತ್ತು.

ಸಮ್ಯಕನಿಗೆ ಉಪವಾಸ ಗೊತ್ತಿಲ್ಲ. ಡಬ್ಬಿಯ ತಳದಲ್ಲಿ ಉಳಿದಿದ್ದ ಕೊನೆಯ ಕಡ್ಡಿಯನ್ನು ಹೆಕ್ಕಿ ಅವಳ ಮೂಗಿನ ಮುಂದೆ ಹಿಡಿದ. "ತೋ!" ಹಿಂದಿನ ಸೀಟಿನವರು ನಕ್ಕರು. "ತೊಗೊಳ್ರೀ ಆಯಿ, ಬಿಡೂ ಪೈಕಿ ಅಲ್ಲ ಅಂವ." ಮುದುಕಿ ಎರಡು ಬೆರಳಲ್ಲಿ ತೆಗೆದುಕೊಂಡು, "ಮನಿಗಿ ಹೋಗಿ ತಿಂತೀನಿ" ಎಂದು ಸೆರಗಿನ ಮರೆಗೆ ಒಯ್ದಳು. ಬಸ್ ಬಿಟ್ಟಿತು. ಡಬ್ಬಿಯನ್ನು ಸಪನಾ ಕಸಿದುಕೊಂಡಳು, ಸಮ್ಯಕ ಜನವಾಡದವರೆಗೂ ಅತ್ತ. ಸಂತಪೂರ ಬಂದಾಗ ಮುದುಕಿ ಇಳಿದಳು. ಇಳಿಯುವ ಮುನ್ನ ಗಾಳಿಯಲ್ಲೇ ಅವನಿಗೆ ದೃಷ್ಟಿ ತೆಗೆದು ಬೆರಳು ಮುರಿದಳು.

ಮುದುಕಿ ಕೂತಿದ್ದ ಕಿಟಕಿಯ ಸೀಟು ಖಾಲಿಯಾಯಿತೆಂದು ಸಪನಾ ಮಗುವನ್ನು ಎತ್ತಿಕೊಂಡು ಅತ್ತ ಸರಿದಳು. ಸೀಟಿನ ಮೂಲೆಯಲ್ಲಿ ರಾಗಿ ಕಡ್ಡಿ ಬಿದ್ದಿತ್ತು, ಇಡಿಯಾಗಿ. ಅವಳ ಕೈ ಹೋಗುವ ಮೊದಲೇ ಸಮ್ಯಕ ಅದನ್ನೆತ್ತಿ ಬಾಯಿಗೆ ಹಾಕಿಕೊಂಡ. ಈ ಸಲ ಮುಖ ಕಿವುಚಲಿಲ್ಲ. ಅತ್ತು ಹಸಿದಿದ್ದ, ಕರಮ್ ಕರಮ್ ಎಂದು ಪೂರ್ತಿ ತಿಂದ.

"ಅತ್ತಿ, ತಿಂದ ನೋಡ್ರಿ!" ಎಂದವಳು, ಅದು ಬಿದ್ದಿದ್ದ ಜಾಗ ನೋಡಿದಳು.

"ನೋಡ್ದೆ" ಎಂದಳು ಸುಭದ್ರಾಬಾಯಿ. "ನಮ್ದು ನಮಗ ಬಂತು."

ಸಪನಾ ಡಬ್ಬಿ ತೆರೆದು ಮೇಲಿದ್ದ ಕ್ರೀಂ ಬಿಸ್ಕೀಟನ್ನು ತೆಗೆದಳು. ರೂಢಿಯಂತೆ ಅದನ್ನೂ ತಿರುಗಿಸಿ ನೋಡಿದಳು. ಹಿಂದೆ ಏನೂ ಬರೆದಿರಲಿಲ್ಲ.