ನೀಲಿ ಬೆರಳು

"ಅಮ್ಮಾ, ಕಣ್ಣೀರು ಚೆನ್ನಾಗೇ ಬಂತು, ಆದ್ರೆ ಸೆರಗು ಅಡ್ಡ ಬಂತು. ಇನ್ನೊಂದ್ಸಲ ಅಳ್ತೀರಾ?"

ಟಿವಿ ಕ್ವಿಜ್‌ನ ನಿರೂಪಕ ಹೀಗೆ ಕೇಳಿದಾಗ, ಬಳ್ಳಾರಿ ವಿದ್ಯಾರ್ಥಿಗಳ ತಂಡದಲ್ಲಿ ಕೂತಿದ್ದ ಕೃಷ್ಣವೇಣಿ ವೇದಿಕೆಯ ಮೇಲೆ ನಿಂತಿದ್ದ ಅವ್ವನ ಕಡೆ ತಿರುಗಿದಳು. ಅವಳ ತಂಡ ಮೂವತ್ತು ಅಂಕ ಮುಂದಿತ್ತು. ಅದು ಇಲ್ಲಿ ಯಾರಿಗೂ ಬೇಕಿರಲಿಲ್ಲ. ಬೇಕಾಗಿದ್ದದ್ದು ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಅವಳ ಅವ್ವ ಉಜ್ಜಿನಮ್ಮ, ಬಟ್ಟೆಯ ಬಣ್ಣ ಹತ್ತಿ ನೀಲಿಯಾದ ಅವಳ ಬೆರಳು.

ಉಜ್ಜಿನಮ್ಮನಿಗೆ ಬೇಸರವೇನೂ ಆಗಲಿಲ್ಲ. ಸರಿಯಿಲ್ಲವೆಂದು ಮಾಲೀಕ ಎಸೆದ ಪ್ಯಾಂಟನ್ನು ಬಿಚ್ಚಿ ಮತ್ತೆ ಹೊಲಿದು ಅವಳಿಗೆ ರೂಢಿ. "ತಪ್ಪಾತ್ರಿ, ಅಳ್ತೀನ್ರಿ" ಎಂದು ನಕ್ಕು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೆರಳನ್ನು ತಾನೇ ಕ್ಯಾಮೆರಾದ ಎದುರು ಎತ್ತಿ ಹಿಡಿದಳು. "ಈಗ ಸರಿ ಐತೇನ್ರೀ?"

ನಿರೂಪಕ ಮತ್ತೆ ದುಃಖದ ಮುಖ ಹಾಕಿಕೊಂಡ. ಅಷ್ಟರಲ್ಲಿ ಕೃಷ್ಣವೇಣಿ ಬಜರ್ ಒತ್ತಿದಳು. ಒತ್ತಿದ ಕೈ ತೆಗೆಯಲೇ ಇಲ್ಲ. ಸ್ಟುಡಿಯೊ ತುಂಬ ಅದೇ ಕರ್ಕಶ ಸದ್ದು.

"ಪ್ರಶ್ನೆ ಇನ್ನೂ ಕೇಳಿಲ್ಲಮ್ಮಾ! ಹತ್ತು ಅಂಕ ಹೋಗುತ್ತೆ!" ಎಂದು ನಿರೂಪಕ ಕೂಗಿದ.

"ಮೂವತ್ತೂ ಕಟ್ ಮಾಡ್ರಿ. ನಮ್ಮವ್ವನ್ನ ಬಿಡ್ರಿ."

ಉಜ್ಜಿನಮ್ಮನ ನಗು ನಿಂತಿತು. ಮಗಳ ಮುಖ ನೋಡಿದಳು. ಸೊಂಟದಿಂದ ಸೆರಗು ಬಿಚ್ಚಿ, ಬೆರಳನ್ನು ಅದರೊಳಗೆ ಮುಚ್ಚಿಕೊಂಡಳು.